ಎಎಚ್‌ಐ ಸರಿಯಿದೆ, ಮಂಪರು ಹೋಗಿಲ್ಲ: ಚಿಕಿತ್ಸೆಯ ನಂತರವೂ ಉಳಿಯುವ ಹಗಲುನಿದ್ದೆ ಮತ್ತು ಮಿದುಳು

ನಿದ್ದೆಯಲ್ಲಿ ಪದೇಪದೇ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಕ್ಕೆ, ಮಾಸ್ಕ್ ಮೂಲಕ ಗಾಳಿ ಊದಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗಲು ಶುರುಮಾಡಿ ಐದಾರು ತಿಂಗಳಾಗಿರುತ್ತದೆ. ಗೊರಕೆ ನಿಂತಿದೆ, ಪಕ್ಕದಲ್ಲಿ ಮಲಗುವವರಿಗೂ ನೆಮ್ಮದಿ. ಬೆಳಿಗ್ಗೆ ಮೊಬೈಲ್ ಆ್ಯಪ್ ತೆರೆದರೆ, ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು ಎಂದು ಹೇಳುವ ಎಎಚ್‌ಐ 2 ಎಂದು ತೋರಿಸುತ್ತದೆ. ಆದರೂ ಮಧ್ಯಾಹ್ನ ಮೂರರ ಮೀಟಿಂಗ್‌ನಲ್ಲಿ ಕಣ್ಣು ಎಳೆಯುತ್ತದೆ. ಆರಂಕಿಯ ಓಟಿಪಿಯನ್ನು ನೋಡಿ ಟೈಪ್ ಮಾಡುವಷ್ಟರಲ್ಲಿ ಕೊನೆಯ ಎರಡು ಅಂಕಿ ಹಾರಿಹೋಗಿರುತ್ತವೆ. ಒಂದೇ ಇಮೇಲನ್ನು ಮೂರು ಸಲ ಓದಬೇಕಾಗುತ್ತದೆ. ಮನೆಯವರು ವಯಸ್ಸಾಯಿತು ಎನ್ನುತ್ತಾರೆ, ಆಫೀಸಿನವರು ಮನಸ್ಸಿಟ್ಟು ಕೆಲಸ ಮಾಡುತ್ತಿಲ್ಲ ಎನ್ನುತ್ತಾರೆ. ಇದು ಮರೆವಿನ ಕಾಯಿಲೆಯ ಆರಂಭ ಇರಬಹುದೇ ಎಂದು ರೋಗಿ ಒಳಗೊಳಗೇ ಹೆದರುತ್ತಾರೆ.

ಇದು ವೈದ್ಯರಿಗೆ ಗೊತ್ತಿರುವ ಸ್ಥಿತಿ. ಸಿಪ್ಯಾಪ್ ಅನ್ನು ನಿಯಮಿತವಾಗಿ ಬಳಸುವವರ ಬಗ್ಗೆ ಫ್ರಾನ್ಸ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 12ರಷ್ಟು ಜನರಲ್ಲಿ ಹಗಲಿನ ನಿದ್ದೆ ಉಳಿದೇ ಇತ್ತು. ಖಿನ್ನತೆ, ಕಾಲುಗಳ ಚಡಪಡಿಕೆ, ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿಯಂಥ ಬೇರೆ ಕಾರಣಗಳಿದ್ದವರನ್ನು ಬಿಟ್ಟು ಲೆಕ್ಕ ಹಾಕಿದಾಗ ಶೇ 6ರಷ್ಟು ಜನ ಉಳಿದರು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಬೇಕು. ಸಿಪ್ಯಾಪ್ ಹಾಕಿಯೂ ತೂಕಡಿಸುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹುಡುಕಿದರೆ ಸಿಗುವ ಬೇರೆ ಕಾರಣವೊಂದು ಇರುತ್ತದೆ. ಹೀಗಾಗಿ ಎಎಚ್‌ಐ ಚೆನ್ನಾಗಿದೆ, ಇನ್ನು ಮಾಡುವುದೇನೂ ಇಲ್ಲ ಎಂಬ ಮಾತನ್ನು ಒಪ್ಪಿಕೊಂಡು ಸುಮ್ಮನಾಗಬಾರದು.

ಆ ಸಂಖ್ಯೆ ಹೇಳುವುದೇನು, ಹೇಳದಿರುವುದೇನು

ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತೀರ ಕಡಿಮೆಯಾಗುತ್ತದೆ ಎಂಬ ಎಣಿಕೆಯೇ ಎಎಚ್‌ಐ. ಪ್ರತಿ ಘಟನೆ ಕನಿಷ್ಠ 10 ಸೆಕೆಂಡು ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಸ್ಲೀಪ್ ಲ್ಯಾಬ್‌ನಲ್ಲಿ ಈ ಎಣಿಕೆಯ ಜೊತೆಗೆ ಮಿದುಳಿನ ತರಂಗ, ರಕ್ತದ ಆಮ್ಲಜನಕ, ಕಾಲಿನ ಚಲನೆ ಎಲ್ಲವೂ ದಾಖಲಾಗುತ್ತವೆ. ಮನೆಯ ಯಂತ್ರದ ಬಳಿ ಇರುವುದು ಗಾಳಿಯ ಹರಿವಿನ ಲೆಕ್ಕ ಮಾತ್ರ. ನೀವು ನಿದ್ದೆಯಲ್ಲಿದ್ದೀರೋ, ಮಾಸ್ಕ್ ಹಾಕಿಕೊಂಡು ಸೂರು ನೋಡುತ್ತಿದ್ದೀರೋ ಅದಕ್ಕೆ ತಿಳಿಯದು. ನಿದ್ದೆ ಎಷ್ಟು ಸಲ ಒಡೆಯಿತು ಎಂಬುದೂ ತಿಳಿಯದು.

ಇದಕ್ಕಿಂತ ದೊಡ್ಡ ತೊಂದರೆ ಮಾಸ್ಕ್ ತೆಗೆದಿಟ್ಟ ಹೊತ್ತಿನದು. ಅದು ಲೆಕ್ಕಕ್ಕೇ ಸೇರುವುದಿಲ್ಲ. ಒಬ್ಬರು ರಾತ್ರಿ ಒಟ್ಟು 7 ಗಂಟೆ ಮಲಗುತ್ತಾರೆ ಎಂದುಕೊಳ್ಳಿ. ಮೊದಲ ನಾಲ್ಕೂವರೆ ಗಂಟೆ ಮಾಸ್ಕ್ ಇದೆ, ಎಎಚ್‌ಐ 2. ಬೆಳಗಿನ ಜಾವ ಯಾವಾಗಲೋ ಅದನ್ನು ಕಿತ್ತಿಟ್ಟು ಇನ್ನೆರಡೂವರೆ ಗಂಟೆ ಹಾಗೇ ಮಲಗುತ್ತಾರೆ, ಆಗ ಗಂಟೆಗೆ 40 ಸಲ ಉಸಿರು ಕಟ್ಟುತ್ತದೆ. ಮಾಸ್ಕ್ ಇದ್ದಾಗ 9 ಘಟನೆ, ಇಲ್ಲದಾಗ 100. ಇದನ್ನು 7 ಗಂಟೆಗೆ ಹಂಚಿದರೆ ಗಂಟೆಗೆ 15ಕ್ಕೂ ಹೆಚ್ಚು, ಅಂದರೆ ಮಧ್ಯಮ ಮಟ್ಟದ ಕಾಯಿಲೆ. ಆ್ಯಪ್ ಮಾತ್ರ 2 ಎಂದೇ ತೋರಿಸುತ್ತದೆ.

ಆ ಕೊನೆಯ ಎರಡೂವರೆ ಗಂಟೆ ಬಹಳ ಮುಖ್ಯ. ಕನಸು ಬೀಳುವ ರೆಮ್ ನಿದ್ದೆಯ ಬಹುಪಾಲು ರಾತ್ರಿಯ ಕೊನೆಯ ಮೂರನೇ ಭಾಗದಲ್ಲಿ ಬರುತ್ತದೆ. ಆಗ ಗಂಟಲಿನ ಸ್ನಾಯುಗಳು ಪೂರ್ತಿ ಸಡಿಲವಾಗಿರುವುದರಿಂದ ಉಸಿರು ಹೆಚ್ಚು ಹೊತ್ತು ಕಟ್ಟುತ್ತದೆ, ಆಮ್ಲಜನಕ ಹೆಚ್ಚು ಇಳಿಯುತ್ತದೆ. ರಾತ್ರಿಗೆ 4 ಗಂಟೆ ಬಳಸಿದರೆ ಸಾಕು ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ವಾರದಲ್ಲಿ ಎಷ್ಟು ರಾತ್ರಿ ಯಂತ್ರ ಬಳಕೆಯಾಯಿತು ಎಂದು ಲೆಕ್ಕ ಹಾಕಲು ಇಟ್ಟುಕೊಂಡ ಅಳತೆ ಅದು, ಮಿದುಳಿಗೆ ಅಷ್ಟು ಸಾಕೆಂಬ ಖಾತರಿಯಲ್ಲ. ತೀವ್ರ ಅಪ್ನಿಯ ಇದ್ದವರನ್ನು ಮೂರು ತಿಂಗಳು ಗಮನಿಸಿದ 2007ರ ಅಮೆರಿಕದ ಅಧ್ಯಯನದಲ್ಲಿ ಪ್ರಯೋಜನ ಹಂತಹಂತವಾಗಿ ಕಂಡಿತು. ಹಗಲುನಿದ್ದೆ ಕಡಿಮೆಯಾಗಿದೆ ಎಂದು ರೋಗಿಗೇ ಅನಿಸಲು 4 ಗಂಟೆಯ ಬಳಕೆ, ಲ್ಯಾಬ್‌ನ ಅಳತೆಯಲ್ಲಿ ಸುಧಾರಣೆ ಕಾಣಲು 6 ಗಂಟೆ, ದಿನದ ಕೆಲಸಕಾರ್ಯಗಳು ಮೊದಲಿನಂತಾಗಲು ಏಳೂವರೆ ಗಂಟೆ ಬೇಕಾಯಿತು. ರಾತ್ರಿಯಿಡೀ ಬಳಸಿದವರಲ್ಲೂ ಕೆಲವರಿಗೆ ನಿದ್ದೆ ಉಳಿದಿತ್ತು.

ಮಂಪರು ಬುದ್ಧಿಯನ್ನು ಹೇಗೆ ಕೆಡಿಸುತ್ತದೆ

ಮೊದಲ ಪೆಟ್ಟು ಗಮನಕ್ಕೆ. ಇದನ್ನು ಅಳೆಯಲು ಪಿವಿಟಿ ಎಂಬ ಸರಳ ಪರೀಕ್ಷೆಯಿದೆ. ಪರದೆಯ ಮೇಲೆ 2ರಿಂದ 10 ಸೆಕೆಂಡಿಗೊಮ್ಮೆ, ಯಾವಾಗ ಎಂದು ಊಹಿಸಲಾಗದಂತೆ, ಸಂಕೇತವೊಂದು ಮೂಡುತ್ತದೆ. ಕಂಡ ತಕ್ಷಣ ಬಟನ್ ಒತ್ತಬೇಕು. ಹತ್ತು ನಿಮಿಷ ಇಷ್ಟೇ ಕೆಲಸ. ಎಚ್ಚರವಾಗಿರುವವರು ಸುಮಾರು ಕಾಲು ಸೆಕೆಂಡಿನಲ್ಲಿ ಒತ್ತುತ್ತಾರೆ. ಅರ್ಧ ಸೆಕೆಂಡು ಮೀರಿದರೆ ಗಮನ ತಪ್ಪಿತು ಎಂದು ಲೆಕ್ಕ. ಮಂಪರಿನಲ್ಲಿರುವವರ ಉತ್ತರಗಳೆಲ್ಲ ನಿಧಾನವಾಗಿರುತ್ತವೆ ಎಂದೇನಿಲ್ಲ. ಹಲವು ಉತ್ತರಗಳು ಚುರುಕಾಗಿಯೇ ಇರುತ್ತವೆ, ನಡುನಡುವೆ ಕೆಲವು ಒಂದು, ಎರಡು, ಮೂರು ಸೆಕೆಂಡು ತಡವಾಗುತ್ತವೆ. ಸಿಗ್ನಲ್ ಕಡಿದು ಕಡಿದು ಬರುವ ಫೋನ್ ಕರೆಯ ಹಾಗೆ: ಕೇಳಿದ ಮಾತೆಲ್ಲ ಸ್ಪಷ್ಟ, ನಡುವಿನ ಒಂದು ಪದ ಮಾತ್ರ ಇಲ್ಲ, ಆ ಒಂದು ಪದವಿಲ್ಲದೆ ವಾಕ್ಯಕ್ಕೇ ಅರ್ಥವಿಲ್ಲ.

ಆಮೇಲೆ ಕಾಣುವ ತೊಂದರೆಗಳ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ. ಓಟಿಪಿಯ ಅಂಕಿ, ಕೂಡುವ ಲೆಕ್ಕದ ಕೈಯಲ್ಲಿರುವ ದಶಕ, ಎದುರಿನವರ ಮಾತಿನ ಮೊದಲರ್ಧ, ಇವನ್ನೆಲ್ಲ ಕ್ಷಣಕಾಲ ಹಿಡಿದಿಡುವ ಕಾರ್ಯಸ್ಮೃತಿ ಒಂದು ಸಲ ಗಮನ ತಪ್ಪಿದರೆ ಖಾಲಿಯಾಗುತ್ತದೆ. ಮಧ್ಯಾಹ್ನ ಹೇಳಿದ ಮಾತು ಸಂಜೆಗೆ ನೆನಪಿಲ್ಲ ಎಂದಾಗ ಅನೇಕ ಸಲ ಆಗಿರುವುದು ಮರೆವಲ್ಲ. ಆ ಮಾತು ಮಿದುಳಿನಲ್ಲಿ ದಾಖಲಾಗಿಯೇ ಇರಲಿಲ್ಲ. ಈ ಎರಡರ ವ್ಯತ್ಯಾಸ ಗುರುತಿಸಲು ಒಂದು ದಾರಿ: ಸುಳಿವು ಕೊಟ್ಟಾಗಲೂ ಏನೂ ನೆನಪಾಗದೆ, ಚುರುಕಾಗಿದ್ದ ಹೊತ್ತಿನಲ್ಲಿ ಕೇಳಿದ್ದು ಮಾತ್ರ ಸರಿಯಾಗಿ ನೆನಪಿದ್ದರೆ ಸಂಶಯ ಮಂಪರಿನ ಕಡೆಗೆ ವಾಲುತ್ತದೆ. ಚುರುಕಾಗಿದ್ದಾಗ ನಡೆದದ್ದೂ ಅಳಿಸಿಹೋಗುತ್ತಿದ್ದರೆ, ಪರಿಚಿತ ದಾರಿ ತಪ್ಪುತ್ತಿದ್ದರೆ, ತಡಮಾಡದೆ ನರರೋಗ ತಜ್ಞರಿಗೆ ತೋರಿಸಬೇಕು.

ಗಮನದ ನಂತರ ಯೋಜಿಸುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ, ಬಾಯಿಗೆ ಬಂದದ್ದನ್ನು ತಡೆದುಕೊಳ್ಳುವ ಶಕ್ತಿ ಕುಂದುತ್ತದೆ. ಇವು ಮಿದುಳಿನ ಮುಂಭಾಗದ ಕೆಲಸಗಳು, ನಿದ್ದೆಯ ಕೊರತೆಗೆ ಬೇಗ ಸೋಲುವ ಭಾಗವೂ ಅದೇ. ಚಿಕ್ಕಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಲೇ ಗ್ರಾಹಕರ ಜೊತೆ ಮಾತಾಡುವವರು, ಹೊರವರ್ತುಲ ರಸ್ತೆಯ ಕಂಪನಿಯಲ್ಲಿ ಚಾಟ್, ಕರೆ, ಕೋಡ್ ಮೂರನ್ನೂ ಒಟ್ಟಿಗೆ ನೋಡುವವರು ಇದನ್ನು ಬೇಗ ಅನುಭವಿಸುತ್ತಾರೆ. ಮುಂಗೋಪವೂ ಇದರ ಭಾಗವೇ. ಪದಸಂಪತ್ತು, ಭಾಷೆ, ವರ್ಷಗಟ್ಟಲೆ ಕಲಿತ ಕಸುಬಿನ ಜ್ಞಾನ ಬಹುಮಟ್ಟಿಗೆ ಹಾಗೇ ಉಳಿಯುತ್ತವೆ. ಹೀಗಾಗಿ ಮಾತಾಡಿಸಿದರೆ ವ್ಯಕ್ತಿ ಸರಿಯಾಗಿಯೇ ಇದ್ದಾರೆ ಅನಿಸುತ್ತದೆ.

ವೈದ್ಯರ ಕೊಠಡಿಯಲ್ಲಿ ಇದು ಕಾಣದೇ ಹೋಗಲು ಕಾರಣವೂ ಅದೇ. ಐದು ನಿಮಿಷದ ಪ್ರಶ್ನೋತ್ತರಕ್ಕೆ ಯಾರೂ ತಮ್ಮನ್ನು ಎಚ್ಚರವಾಗಿ ಇಟ್ಟುಕೊಳ್ಳಬಲ್ಲರು. ಹೊಸ ಜಾಗ, ಬೆಳಕು, ಸ್ವಲ್ಪ ಆತಂಕ ಸೇರಿ ಆ ಹೊತ್ತಿಗೆ ಮಿದುಳು ಚುರುಕಾಗುತ್ತದೆ. 30 ಅಂಕಗಳ ಸಾಮಾನ್ಯ ಸ್ಮರಣೆ ಪರೀಕ್ಷೆಯಲ್ಲಿ 28 ಬಂದರೆ ಡಿಮೆನ್ಷಿಯಾ ಇಲ್ಲ ಎಂಬ ಸಮಾಧಾನ ಸಿಗುತ್ತದೆ. ಮಧ್ಯಾಹ್ನದ ಮೂರನೇ ಗಂಟೆಯ ಕೆಲಸ ಹೇಗೆ ನಡೆಯುತ್ತಿದೆ ಎಂದು ಅದು ಹೇಳುವುದಿಲ್ಲ.

ರೋಗಿಯ ಸ್ವಂತ ಅಂದಾಜನ್ನೂ ಪೂರ್ತಿ ನಂಬುವಂತಿಲ್ಲ. ಆರೋಗ್ಯವಂತರನ್ನು ಎರಡು ವಾರ ದಿನಕ್ಕೆ 6 ಗಂಟೆ ಮಾತ್ರ ಮಲಗಿಸಿದ 2003ರ ಪ್ರಸಿದ್ಧ ಪ್ರಯೋಗವೊಂದರಲ್ಲಿ ಗಮನ ತಪ್ಪುವುದು ದಿನದಿಂದ ದಿನಕ್ಕೆ ಏರುತ್ತಲೇ ಹೋಗಿ, ಕೊನೆಗೆ ಪೂರ್ತಿ ನಿದ್ದೆಗೆಟ್ಟವರ ಮಟ್ಟ ಮುಟ್ಟಿತು. ಆದರೆ ಎಷ್ಟು ನಿದ್ದೆ ಬರುತ್ತಿದೆ ಎಂದು ಅವರನ್ನೇ ಕೇಳಿದಾಗ ಕೆಲವು ದಿನಗಳಲ್ಲೇ ಉತ್ತರ ಹೆಚ್ಚು ಬದಲಾಗದೆ ನಿಂತುಬಿಟ್ಟಿತ್ತು. ಅಪ್ನಿಯ ಇರುವವರು ವರ್ಷಗಟ್ಟಲೆ ಇದೇ ಸ್ಥಿತಿಯಲ್ಲಿ ಬದುಕಿರುತ್ತಾರೆ. ಚುರುಕಾಗಿರುವುದು ಹೇಗಿತ್ತು ಎಂಬುದೇ ಅವರಿಗೆ ಮರೆತಿರುತ್ತದೆ.

ಉಸಿರು ಸರಿಯಾದ ಮೇಲೂ ಮಿದುಳು ಏಕೆ ತೂಕಡಿಸುತ್ತದೆ

ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಒಂದು ಉತ್ತರ ಸಿಕ್ಕಿದೆ. ಇಲಿಗಳಿಗೆ ನಿದ್ದೆಯ ಹೊತ್ತಿನಲ್ಲಿ ಆಮ್ಲಜನಕವನ್ನು ಪದೇಪದೇ ಇಳಿಸಿ ಏರಿಸಿದಾಗ, ಎಚ್ಚರವನ್ನು ಕಾಯುವ ನರಕೋಶಗಳಿಗೆ, ಅಂದರೆ ನೊರ್‌ಅಡ್ರಿನಲಿನ್ ಮತ್ತು ಡೋಪಮೈನ್ ಸ್ರವಿಸುವ ಕೋಶಗಳಿಗೆ, ಹಾನಿಯಾಯಿತು. ಸಾಮಾನ್ಯ ಗಾಳಿಗೆ ಮರಳಿ ತಿಂಗಳುಗಳಾದರೂ ಆ ಇಲಿಗಳ ನಿದ್ದೆಗುಣ ಹೋಗಲಿಲ್ಲ. ಮನುಷ್ಯರ ಮಿದುಳಿನ ಎಂಆರ್‌ಐಯಲ್ಲೂ ನಿದ್ದೆ ಉಳಿದವರ ನರತಂತುಗಳಲ್ಲಿ ವ್ಯತ್ಯಾಸಗಳು ಕಂಡಿವೆ. ಅದೇ ವೇಳೆ ಮೂರರಿಂದ ಹನ್ನೆರಡು ತಿಂಗಳು ಸಿಪ್ಯಾಪ್ ಸರಿಯಾಗಿ ಬಳಸಿದವರಲ್ಲಿ ಇಂಥ ಬದಲಾವಣೆಗಳು ಗಣನೀಯವಾಗಿ ಹಿಂದೆ ಸರಿದದ್ದನ್ನೂ ಇಟಲಿಯ ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಮೊದಲ ತಿಂಗಳಲ್ಲೇ ಕೈಚೆಲ್ಲಬೇಕಿಲ್ಲ. ಹಗಲುನಿದ್ದೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ, ಬುದ್ಧಿಯ ಚುರುಕು ಬರಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಮೂರು ತಿಂಗಳ ಸರಿಯಾದ ಬಳಕೆಯ ನಂತರವೂ ಮಂಪರು ಇದ್ದರೆ ತನಿಖೆ ಶುರುವಾಗಬೇಕು.

ಸಿಪ್ಯಾಪ್‌ನಿಂದ ಬುದ್ಧಿಶಕ್ತಿ ಎಲ್ಲರಿಗೂ ಏರುತ್ತದೆ ಎನ್ನುವುದು ಮಾತ್ರ ಉತ್ಪ್ರೇಕ್ಷೆ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ಆರು ತಿಂಗಳು ನಡೆದ ಆ್ಯಪಲ್ಸ್ ಎಂಬ ಪರೀಕ್ಷೆಯಲ್ಲಿ ನಿಜವಾದ ಮತ್ತು ಹುಸಿ ಸಿಪ್ಯಾಪ್‌ಗಳನ್ನು ಹೋಲಿಸಿದರು. ಬೌದ್ಧಿಕ ಅಳತೆಗಳಲ್ಲಿ ಕಂಡ ಲಾಭ ಸಣ್ಣದು, ಅದೂ ಎರಡನೇ ತಿಂಗಳಲ್ಲಿ ಕಾಣಿಸಿಕೊಂಡು ಆರನೇ ತಿಂಗಳಿಗೆ ಉಳಿಯಲಿಲ್ಲ. ಹಗಲುನಿದ್ದೆ ಮಾತ್ರ ಖಚಿತವಾಗಿ ಕಡಿಮೆಯಾಗಿತ್ತು.

ಹುಡುಕುವ ಕ್ರಮ

ಮಾತ್ರೆಯ ಮಾತು ಬರುವ ಮೊದಲು ಕೆಳಗಿನದ್ದೆಲ್ಲ ನೋಡಿಯಾಗಿರಬೇಕು. ಈ ಕ್ರಮ ತಪ್ಪಿಸಿದರೆ ಗುಣವಾಗಬಹುದಾದ ಕಾರಣವೊಂದು ಮಾತ್ರೆಯ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಮೊದಲು ಯಂತ್ರದ ಎಸ್‌ಡಿ ಕಾರ್ಡ್ ಅಥವಾ ಆ್ಯಪ್‌ನ ಮಾಹಿತಿ. ಸರಾಸರಿ ನೋಡಬೇಡಿ, ಪ್ರತಿ ರಾತ್ರಿಯ ಗ್ರಾಫ್ ನೋಡಿ. ಯಾವ ಹೊತ್ತಿಗೆ ಮಾಸ್ಕ್ ಕಳಚಿದೆ, ಎಷ್ಟು ಸಲ ನಿಂತು ಶುರುವಾಗಿದೆ ಎಂದು ಅಲ್ಲಿ ಕಾಣುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಮಳೆಗಾಳಿಗೆ ರಾತ್ರಿ ಕರೆಂಟ್ ಹೋದಾಗ ಯಂತ್ರ ನಿಲ್ಲುತ್ತದೆ, ಉಸಿರು ಬಿಗಿಯಾಗಿ ನಿದ್ದೆಗಣ್ಣಿನಲ್ಲೇ ಮಾಸ್ಕ್ ಕಿತ್ತಿಟ್ಟಿರುತ್ತೇವೆ. ಕರೆಂಟ್ ಬಂದಾಗ ಹಾಕಿಕೊಂಡಿರುವುದಿಲ್ಲ. ಆ ಕೋಣೆಯ ಪ್ಲಗ್ ಅನ್ನು ಯುಪಿಎಸ್ ಲೈನಿಗೆ ಸೇರಿಸಿದರೆ ಇದು ತಪ್ಪುತ್ತದೆ. ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಹೆಚ್ಚು ವಿದ್ಯುತ್ ಎಳೆಯುತ್ತದೆ, ಬ್ಯಾಟರಿ ಸಣ್ಣದಿದ್ದರೆ ಅದನ್ನು ಆಫ್ ಮಾಡಿಡಿ.

ಸೋರಿಕೆ ಎರಡನೆಯದು. ರೆಸ್‌ಮೆಡ್ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರ್ ಮೀರಿದರೆ ಹೆಚ್ಚು ಸೋರಿಕೆ ಎಂದು ಲೆಕ್ಕ. ಮೂಗಿನ ಮಾಸ್ಕ್ ಹಾಕಿದವರು ಬಾಯಿ ತೆರೆದರೆ ಗಾಳಿ ಅಲ್ಲಿಂದ ಹೊರಹೋಗುತ್ತದೆ. ಬೆಳಿಗ್ಗೆ ನಾಲಿಗೆ ಒಣಗಿ ಅಂಟಿಕೊಂಡಿದ್ದರೆ ಅದೇ ಗುರುತು. ಇದಕ್ಕೆ ಮೂಲ ಅನೇಕ ಸಲ ಮೂಗು ಕಟ್ಟುವುದು, ಈ ಊರಿನ ದೂಳು, ಪರಾಗದ ಅಲರ್ಜಿಯಲ್ಲಿ ಅದು ತೀರ ಸಾಮಾನ್ಯ. ಉಪ್ಪುನೀರಿನಿಂದ ಮೂಗು ತೊಳೆಯುವುದು, ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇ ಸಾಕಾಗದಿದ್ದರೆ ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್‌ಗೆ ಬದಲಾಯಿಸಬೇಕಾಗುತ್ತದೆ. ಪಟ್ಟಿಯನ್ನು ಬಿಗಿಮಾಡುತ್ತ ಹೋದರೆ ಸಿಲಿಕೋನ್ ಮಡಿಚಿ ಸೋರಿಕೆ ಇನ್ನೂ ಹೆಚ್ಚುತ್ತದೆ. ಮಲಗಿ, ಯಂತ್ರ ಓಡುತ್ತಿರುವಾಗ, ಮಾಸ್ಕ್ ಅನ್ನು ಮುಖದಿಂದ ಸ್ವಲ್ಪ ಎತ್ತಿ ಮತ್ತೆ ಕೂರಿಸಿದರೆ ಅದು ಸರಿಯಾಗಿ ಕೂರುತ್ತದೆ. ಚರ್ಮದ ಜಿಡ್ಡು ಅಂಟಿದ ಕುಶನ್ ಜಾರುತ್ತದೆ, ಅದನ್ನು ದಿನವೂ ಒರೆಸಬೇಕು. ಹ್ಯೂಮಿಡಿಫೈಯರ್‌ಗೆ ಡಿಸ್ಟಿಲ್ಡ್ ನೀರೇ ಹಾಕಿ. ಬೋರ್‌ವೆಲ್ ನೀರಿನ ಸುಣ್ಣ ತಟ್ಟೆಗೆ ಕಟ್ಟಿ ತೇವ ಕಡಿಮೆಯಾಗುತ್ತದೆ, ಮೂಗು ಒಣಗುತ್ತದೆ, ಮತ್ತೆ ಮಾಸ್ಕ್ ಕೀಳುವುದೇ ಆಗುತ್ತದೆ.

ಉಳಿದ ಘಟನೆಗಳಲ್ಲಿ ಗಂಟಲು ಮುಚ್ಚದೆಯೇ ಉಸಿರು ನಿಲ್ಲುವ ಸೆಂಟ್ರಲ್ ಅಪ್ನಿಯ ಎಷ್ಟು ಎಂದೂ ವರದಿಯಲ್ಲಿ ನೋಡಿ. ಸಿಪ್ಯಾಪ್ ಶುರುಮಾಡಿದ ಮೇಲೆ ಕೆಲವರಲ್ಲಿ ಇದು ಹುಟ್ಟಿಕೊಳ್ಳುತ್ತದೆ. ಬಹುಪಾಲು ಜನರಲ್ಲಿ ತಾನಾಗಿ ಹೋಗುತ್ತದೆ, ಉಳಿದರೆ ಒತ್ತಡ ಹೆಚ್ಚಿಸುವುದರಿಂದ ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ.

ನಂತರ ನಿದ್ದೆಯ ಪ್ರಮಾಣ. ಇದನ್ನು ಕೇಳಿದರೆ ಅನೇಕರಿಗೆ ಬೇಸರವಾಗುತ್ತದೆ, ಆದರೂ ಕೇಳಲೇಬೇಕು. ರಾತ್ರಿ ಹನ್ನೊಂದರವರೆಗೆ ಅಮೆರಿಕದ ಟೀಮಿನ ಜೊತೆ ಕರೆ, ಬೆಳಿಗ್ಗೆ ಆರೂವರೆಗೆ ಮಕ್ಕಳ ಶಾಲಾ ಬಸ್, ದಿನಕ್ಕೆ ಎರಡು ಮೂರು ಗಂಟೆ ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ ಇರುವವರ ನಿದ್ದೆ ಐದೂವರೆ ಗಂಟೆಗೆ ಇಳಿದಿರುತ್ತದೆ. ಅಷ್ಟು ಹೊತ್ತೂ ಮಾಸ್ಕ್ ಇದ್ದರೂ ಮಿದುಳಿಗೆ ಸಾಲದು. ಎರಡು ವಾರ ಮಲಗಿದ ಮತ್ತು ಎದ್ದ ಸಮಯ ಬರೆದಿಡಿ. ಭಾನುವಾರ ಎರಡು ಗಂಟೆ ಹೆಚ್ಚು ಮಲಗಿ ಸೋಮವಾರ ಚೆನ್ನಾಗಿದ್ದರೆ ಕಾರಣ ಸಿಕ್ಕಿತು ಎಂದೇ ಅರ್ಥ. ರಾತ್ರಿ ಪಾಳಿಯವರು ಹಗಲು ಮಲಗುವಾಗಲೂ ಮಾಸ್ಕ್ ಹಾಕಬೇಕು, ಮಧ್ಯಾಹ್ನದ ಸಣ್ಣ ನಿದ್ದೆಗೂ ಹಾಕಬೇಕು.

ಔಷಧಗಳ ಚೀಟಿಯನ್ನು ಪೂರ್ತಿ ಒಯ್ಯಿರಿ. ಅಲರ್ಜಿಯ ಸೆಟಿರಿಜಿನ್, ನೆಗಡಿ ಮಾತ್ರೆಯ ಕ್ಲೋರ್‌ಫೆನಿರಮೈನ್, ಕ್ಲೋನಜೆಪಾಮ್, ಅಮಿಟ್ರಿಪ್ಟಿಲಿನ್, ನರನೋವಿನ ಪ್ರಿಗಾಬಲಿನ್, ಇವೆಲ್ಲ ಮಂಪರು ತರುತ್ತವೆ. ನೀವಾಗಿ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್‌ನ ಟಿಎಸ್‌ಎಚ್, ಹಿಮೋಗ್ಲೋಬಿನ್, ದೇಹದ ಕಬ್ಬಿಣದ ಸಂಗ್ರಹ ಹೇಳುವ ಫೆರಿಟಿನ್, ಬಿ12, ಸಕ್ಕರೆ ಇರಲಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಹೆಚ್ಚು, ಅದು ತಾನೇ ಗಮನ ಮತ್ತು ನೆನಪನ್ನು ಕುಂದಿಸುತ್ತದೆ. ಸಂಜೆಯಾದರೆ ಕಾಲು ಚಡಪಡಿಸುವವರಲ್ಲಿ ಫೆರಿಟಿನ್ 75ಕ್ಕಿಂತ ಕಡಿಮೆ ಇದ್ದರೆ, ಲ್ಯಾಬ್ ಅದನ್ನು ಸಾಮಾನ್ಯ ಎಂದು ಬರೆದಿದ್ದರೂ, ಕಬ್ಬಿಣದ ಚಿಕಿತ್ಸೆಯ ಬಗ್ಗೆ ಕೇಳಿ. ಖಿನ್ನತೆಯನ್ನು ಮುಚ್ಚಿಡಬೇಡಿ. ಅದು ನಿದ್ದೆಯಂತೆ ಕಾಣುತ್ತದೆ, ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ.

ಅಳೆಯುವುದು ಹೇಗೆ

ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಪ್ರಶ್ನಾವಳಿ ಎಲ್ಲೆಡೆ ಬಳಕೆಯಲ್ಲಿದೆ. ಓದುವಾಗ, ಟಿವಿ ನೋಡುವಾಗ, ಊಟದ ನಂತರ ಸುಮ್ಮನೆ ಕೂತಾಗ, ಟ್ರಾಫಿಕ್‌ನಲ್ಲಿ ಗಾಡಿ ನಿಂತಾಗ ಹೀಗೆ ಎಂಟು ಸಂದರ್ಭ, ಪ್ರತಿಯೊಂದಕ್ಕೂ 0ಯಿಂದ 3. ಒಟ್ಟು 24ರಲ್ಲಿ 10 ಮೀರಿದರೆ ಹೆಚ್ಚು. ಜೊತೆಗಿರುವವರೂ ನಿಮ್ಮ ಬಗ್ಗೆ ಬೇರೆ ಹಾಳೆಯಲ್ಲಿ ತುಂಬಲಿ. ಎರಡರ ನಡುವೆ ನಾಲ್ಕೈದು ಅಂಕದ ವ್ಯತ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಮುಂದಿನ ಹಂತದಲ್ಲಿ, ಸಿಪ್ಯಾಪ್ ಹಾಕಿಕೊಂಡೇ ರಾತ್ರಿ ಲ್ಯಾಬ್‌ನಲ್ಲಿ ಮಲಗಿ, ಮರುದಿನ ಎರಡು ಗಂಟೆಗೊಮ್ಮೆ ನಾಲ್ಕೈದು ಸಲ 20 ನಿಮಿಷ ಮಲಗುವ ಅವಕಾಶ ಕೊಡುವ ಎಂಎಸ್‌ಎಲ್‌ಟಿ ಪರೀಕ್ಷೆ. ನಿದ್ದೆಗೆ ಜಾರಲು ಹಿಡಿದ ಸರಾಸರಿ ಸಮಯ 8 ನಿಮಿಷ ಅಥವಾ ಕಡಿಮೆಯಾದರೆ ಅಸಹಜ. ನಾರ್ಕೊಲೆಪ್ಸಿ ಸಿಕ್ಕಿಬೀಳುವುದು ಇಲ್ಲಿಯೇ. ಮಂದ ಬೆಳಕಿನ ಕೋಣೆಯಲ್ಲಿ 40 ನಿಮಿಷ ಎಚ್ಚರವಾಗಿ ಕೂರಲು ಸಾಧ್ಯವೇ ಎಂದು ನೋಡುವ ಎಂಡಬ್ಲ್ಯುಟಿ ಇನ್ನೊಂದು, ಡ್ರೈವಿಂಗ್ ವೃತ್ತಿಯವರಿಗೆ ಇದು ಹೆಚ್ಚು ಉಪಯುಕ್ತ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲೂ ದೊಡ್ಡ ಆಸ್ಪತ್ರೆಗಳಲ್ಲೂ ನಿದ್ದೆಯ ತೊಂದರೆಗಳನ್ನು ನೋಡುತ್ತಾರೆ. ಸಮಯ ಗೊತ್ತುಮಾಡುವ ಮುನ್ನ ರಾತ್ರಿಯ ಪರೀಕ್ಷೆಯ ಜೊತೆ ಹಗಲಿನ ಪರೀಕ್ಷೆಯೂ ಅಲ್ಲೇ ಆಗುತ್ತದೆಯೇ ಎಂದು ವಿಚಾರಿಸಿಕೊಳ್ಳಿ.

ಮಾತ್ರೆಗಳು

ಎಲ್ಲ ಸರಿಪಡಿಸಿದ ಮೇಲೂ ಮಂಪರು ಉಳಿದವರಿಗೆ ಎಚ್ಚರದ ಔಷಧಗಳಿವೆ. ನಮ್ಮಲ್ಲಿ ಪರಿಚಿತವಾದವು ಮೊಡಾಫಿನಿಲ್ ಮತ್ತು ಆರ್ಮೊಡಾಫಿನಿಲ್. ಮೊಡಾಫಿನಿಲ್ ಸಾಮಾನ್ಯವಾಗಿ 200 ಮಿಲಿಗ್ರಾಂ, ಬೆಳಿಗ್ಗೆ ಒಂದು ಸಲ. ಅರ್ಧದಷ್ಟು ದೇಹದಿಂದ ಹೋಗಲು 12ರಿಂದ 15 ಗಂಟೆ ಬೇಕು, ಹೀಗಾಗಿ ಮಧ್ಯಾಹ್ನದ ನಂತರ ತೆಗೆದುಕೊಂಡರೆ ರಾತ್ರಿಯ ನಿದ್ದೆ ಕೆಡುತ್ತದೆ. ತಲೆನೋವು ಸಾಮಾನ್ಯ, ರಕ್ತದೊತ್ತಡ ಏರಬಹುದು, ಮೈಮೇಲೆ ದದ್ದು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಇದು ಕಡಿಮೆ ಮಾಡುತ್ತದೆ, ನಿಲ್ಲಿಸಿದ ಮೇಲೂ ಒಂದು ತಿಂಗಳು ಬೇರೆ ವಿಧಾನ ಬೇಕು. ಎಷ್ಟೋ ಮಹಿಳೆಯರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಅಮೆರಿಕದಲ್ಲಿ ಅಪ್ನಿಯದ ಉಳಿಕೆ ನಿದ್ದೆಗೆ ಇದಕ್ಕೆ ಅನುಮತಿಯಿದೆ. ಯುರೋಪಿನ ನಿಯಂತ್ರಕರು ಅಡ್ಡಪರಿಣಾಮಗಳನ್ನು ತೂಗಿ ನೋಡಿ ನಾರ್ಕೊಲೆಪ್ಸಿಗೆ ಮಾತ್ರ ಸೀಮಿತಗೊಳಿಸಿದ್ದಾರೆ.

ಸೊಲ್ರಿಯಾಮ್‌ಫೆಟಾಲ್‌ಗೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ಇದು ಡೋಪಮೈನ್, ನೊರ್‌ಅಡ್ರಿನಲಿನ್‌ಗಳನ್ನು ನರಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಸುತ್ತದೆ, ಅಂದರೆ ಇಲಿಗಳಲ್ಲಿ ಹಾನಿಗೊಂಡ ವ್ಯವಸ್ಥೆಗಳನ್ನೇ ಮುಟ್ಟುತ್ತದೆ. ಅಪ್ನಿಯ, ಹಗಲುನಿದ್ದೆ, ಬುದ್ಧಿಯ ಚುರುಕು ಕುಂದಿದ ತೊಂದರೆ ಮೂರೂ ಇದ್ದ 59 ಜನರ ಮೇಲೆ ನಡೆದ ಶಾರ್ಪ್ ಎಂಬ ಪರೀಕ್ಷೆ ನಿದ್ದೆಯನ್ನಷ್ಟೇ ನೋಡದೆ ಬೌದ್ಧಿಕ ಸಾಮರ್ಥ್ಯವನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡಿತು. ಅಂಕಿಗೆ ತಕ್ಕ ಚಿಹ್ನೆಯನ್ನು ವೇಗವಾಗಿ ಬರೆಯುವ ಪರೀಕ್ಷೆಯಲ್ಲಿ ಹುಸಿಮಾತ್ರೆಗಿಂತ ಈ ಔಷಧದ ಮೇಲಿದ್ದಾಗ ಅಂಕ ಹೆಚ್ಚಿತು, ದಿನದ ಕೆಲಸದಲ್ಲಿನ ತೊಡಕಿನ ದೂರೂ ಕಡಿಮೆಯಾಯಿತು. ಗುಂಪು ಸಣ್ಣದು, ಅವಧಿ ವಾರಗಳದ್ದು. ಆದರೂ ಮಂಪರನ್ನು ಇಳಿಸಿದರೆ ಬುದ್ಧಿಯ ಚುರುಕೂ ಮರಳಬಲ್ಲದು ಎಂಬುದಕ್ಕೆ ಇದು ನೇರವಾದ ಆಧಾರ.

ಈ ಯಾವ ಮಾತ್ರೆಯೂ ಗಂಟಲನ್ನು ತೆರೆದಿಡುವುದಿಲ್ಲ. ಎಚ್ಚರ ಚೆನ್ನಾಗಿದೆ ಎಂದು ಮಾಸ್ಕ್ ಬಿಟ್ಟರೆ ಆಮ್ಲಜನಕ ಇಳಿಯುವುದು, ರಕ್ತದೊತ್ತಡ ಏರುವುದು ಮತ್ತೆ ಶುರು. ಮಾತ್ರೆ ಆರಂಭಿಸಿದ ಮೇಲೆ ಯಂತ್ರದ ಬಳಕೆಯ ಗಂಟೆಗಳನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಬೇಕು, ಬಿಪಿ ಪರೀಕ್ಷಿಸುತ್ತಿರಬೇಕು.

ಕಾರಣ ಸಿಗುವವರೆಗೆ ದಿನವನ್ನು ಹೊಂದಿಸಿಕೊಳ್ಳಿ. ತಪ್ಪಾದರೆ ನಷ್ಟವಾಗುವ ಕೆಲಸ, ಅಂದರೆ ಲೆಕ್ಕ ತಾಳೆ, ಒಪ್ಪಂದ ಓದುವುದು, ಔಷಧದ ಪ್ರಮಾಣ ಅಳೆಯುವುದು, ಬೆಳಗಿನ ಹೊತ್ತಿಗೆ ಇರಲಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎಲ್ಲರ ಎಚ್ಚರವೂ ಸಹಜವಾಗಿ ಇಳಿಯುತ್ತದೆ, ಆ ಹೊತ್ತಿಗೆ ಓಡಾಟದ ಕೆಲಸ ಇಟ್ಟುಕೊಳ್ಳಿ. ಕೆಫೀನ್ ಅರ್ಧಕ್ಕೆ ಇಳಿಯಲು ಐದಾರು ಗಂಟೆ ಬೇಕು, ಆದ್ದರಿಂದ ಕೊನೆಯ ಫಿಲ್ಟರ್ ಕಾಫಿ ಮಧ್ಯಾಹ್ನ ಎರಡರೊಳಗೆ ಮುಗಿಯಲಿ. ಸಂಜೆ ಆರರ ಕಾಫಿ ರಾತ್ರಿಯ ಆಳ ನಿದ್ದೆಯನ್ನು ಕದಡುತ್ತದೆ. ಕೇಳಿದ್ದನ್ನು ಆಗಲೇ ಬರೆದುಕೊಳ್ಳಿ.

ಗಾಡಿ ಓಡಿಸುವ ವಿಷಯದಲ್ಲಿ ರಿಯಾಯಿತಿ ಬೇಡ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಅರಿವಿಲ್ಲದೆ ಕ್ಷಣಕಾಲ ನಿದ್ದೆಗೆ ಜಾರುವ ಮೈಕ್ರೋಸ್ಲೀಪ್ ಮೂರು ಸೆಕೆಂಡು ಬಂದರೆ 80 ಮೀಟರಿಗೂ ಹೆಚ್ಚು ದೂರ ಅದನ್ನು ಯಾರೂ ಓಡಿಸುತ್ತಿರುವುದಿಲ್ಲ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ನಿದ್ದೆ ತಡೆಯುವುದಿಲ್ಲ. ದಾಟಿದ ಊರು ನೆನಪಿಲ್ಲದಿದ್ದರೆ, ಲೇನ್ ತಾನಾಗಿ ಬದಲಾಗಿದ್ದರೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾಫಿ ಕುಡಿದು 20 ನಿಮಿಷ ಮಲಗಿ. ಇದು ಆ ಹೊತ್ತಿನ ಪರಿಹಾರ ಮಾತ್ರ. ಒಮ್ಮೆ ಹೀಗಾದವರು ತನಿಖೆ ಮುಗಿಯುವವರೆಗೆ ಕೀಲಿಯನ್ನು ಬೇರೆಯವರ ಕೈಗೆ ಕೊಡಬೇಕು. ಕ್ಯಾಬ್, ಬಸ್, ಲಾರಿ ಓಡಿಸುವವರಾದರೆ ಅದನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಬೇಕು. ಪರೀಕ್ಷೆಗಳ ಕ್ರಮ, ಅವಸರ ಎರಡೂ ಅದರಿಂದ ಬದಲಾಗುತ್ತವೆ.